ಒಲ್ಲೆ ಎಂಬ ದಾರಿ

ಧಾರವಾಡದಲ್ಲಿ ಇಪ್ಪತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತ ನನಗೆ ‘ಒಲ್ಲೆ’ ಎಂಬ ಶಬ್ದ ಕಿವಿಗೆ ಬಿದ್ದಷ್ಟು ಇನ್ನಾವುದೂ ಬಿದ್ದಿರಲಿಕ್ಕಿಲ್ಲ. ಠೇವಣಿ ಮುಂದುವರಿಸ್ತೀರೇನು ಅಂದರೆ ಒಲ್ಲೆ, ಎಟಿಎಂ ಕಾರ್ಡು ಮಾಡಿಸ್ರಿ ಅಂದರೆ ಒಲ್ಲೆ. ಸಿಟ್ಟಿಲ್ಲ, ಸಮಜಾಯಿಷಿಯೂ ಇಲ್ಲ. ಮಾತು ಅಲ್ಲಿಗೆ ಮುಗಿಯಿತು. ಸಿದ್ದಾಪುರದ ಕಡೆಯ ನಾನು ಮೊದಮೊದಲು ಬೆಚ್ಚುತ್ತಿದ್ದೆ, ಆಮೇಲೆ ನನಗೂ ಅದೇ ರೂಢಿಯಾಯಿತು. ಹಾಗಾಗಿ ಸೋಲ್‌ನಲ್ಲಿ ಓದುತ್ತಿರುವ ತಂಗಿಯ ಮಗಳು ಫೋನ್ ಮಾಡಿ, “ದೊಡ್ಡಮ್ಮ, ರಿಟೈರ್ ಆದ್ಯಲ್ಲ, ಬಾ, ಒಲ್ಲೆ ನಡೆದು ಬರೋಣ” ಅಂದಾಗ, “ಒಲ್ಲೆ ಅಂದಮೇಲೆ ನಡೆಯೋದು ಹೆಂಗೇ ಕೂಸೇ?” ಅಂದೆ.

ಅವಳು ಹೇಳಿದ್ದು ಕೊರಿಯಾದ ದಕ್ಷಿಣಕ್ಕಿರುವ ಜೆಜು ದ್ವೀಪದ ಕಾಲುದಾರಿಯ ಹೆಸರು. ಉಚ್ಚಾರ ಥೇಟ್ ನಮ್ಮ ಒಲ್ಲೆಯೇ, ಲಕಾರಕ್ಕೆ ಒತ್ತು ಸಹಿತ. ಅರ್ಥ ಮಾತ್ರ ತಿರುಗಾಮುರುಗಾ. ಊರ ಬೀದಿಯಿಂದ ಒಂದು ಮನೆಯ ಅಂಗಳಕ್ಕೆ ಹೋಗಿ ಮುಟ್ಟುವ, ಎರಡೂ ಬದಿಗೆ ಕಲ್ಲಿನ ಗೋಡೆಯಿರುವ ಕಿರಿದಾದ ಓಣಿಗೆ ಅಲ್ಲಿಯ ಆಡುನುಡಿಯಲ್ಲಿ ಒಲ್ಲೆ ಎನ್ನುತ್ತಾರೆ. ನಮ್ಮದು ಬೇಡ ಅನ್ನುವ ಒಲ್ಲೆ, ಅವರದು ಒಳಗೆ ಬಾ ಅನ್ನುವ ಒಲ್ಲೆ.

ಈ ದಾರಿಯನ್ನು ಹುಟ್ಟಿಸಿದವರು ಸೊ ಮ್ಯೊಂಗ್‌ಸುಕ್ ಎಂಬ ಪತ್ರಕರ್ತೆ. ಜೆಜುವಿನ ದಕ್ಷಿಣ ದಂಡೆಯ ಸೊಗ್ವಿಪೊ ಊರಿನವರು. ಸೋಲ್‌ನಲ್ಲಿ ವರ್ಷಗಟ್ಟಲೆ ಸುದ್ದಿಮನೆಯ ಗಾಣ ತಿರುಗಿಸಿ, ಐವತ್ತರ ಸುಮಾರಿಗೆ ಕೆಲಸ ಬಿಟ್ಟು, 2006ರಲ್ಲಿ ಸ್ಪೇನ್ ದೇಶದ ಸ್ಯಾಂಟಿಯಾಗೊ ಯಾತ್ರೆಯ ದಾರಿ ನಡೆದರು. ಅಲ್ಲಿ ಕಾಲು ಸವೆಸುತ್ತಿರುವಾಗ ತನ್ನೂರಿನಲ್ಲೇ ಇಂಥದೊಂದು ಯಾಕಿರಬಾರದು ಎಂಬ ಯೋಚನೆ ತಲೆಗೆ ಹೊಕ್ಕಿತಂತೆ. 2007ರ ಸೆಪ್ಟೆಂಬರಿನಲ್ಲಿ ಮೊದಲ ತುಂಡು ದಾರಿ ತೆರೆಯಿತು. 2012ರ ನವೆಂಬರಿನಲ್ಲಿ ದ್ವೀಪದ ಸುತ್ತು ಕೂಡಿಕೊಂಡಿತು. ಈಗ ಪಕ್ಕದ ನಡುಗಡ್ಡೆಗಳೂ ಸೇರಿ 27 ತುಂಡುಗಳು, ಒಟ್ಟು 437 ಕಿಲೋಮೀಟರು. ಹೊಸದಾಗಿ ಕಡಿದ ದಾರಿ ಕಡಿಮೆ. ಹೊಲದ ಬದು, ಮೀನುಗಾರರ ಹೆಜ್ಜೆದಾರಿ, ದನ ಹೋಗಿ ಬಂದ ಜಾಡು, ಯಾರದೋ ಕಿತ್ತಳೆ ತೋಟದ ಅಂಚು, ಇವನ್ನೇ ಹುಡುಕಿ ಒಂದಕ್ಕೊಂದು ಹೊಲಿದಿದ್ದಾರೆ. ಏಳನೆಯ ದಾರಿಯಲ್ಲಿ ಸುಬೊಂಗ್‌ರೊ ಅಂತ ಒಂದು ಕಡಿದಾದ ತಿರುವು ಇದೆ. ಅಲ್ಲಿ ಮೊದಲು ಆಡುಗಳು ಮಾತ್ರ ಹೋಗುತ್ತಿದ್ದವು. ಯಂತ್ರ ತಾರದೆ, ಗುದ್ದಲಿ ಸಲಿಕೆಯಿಂದಲೇ ಅದನ್ನು ಮನುಷ್ಯರು ನಡೆಯುವಷ್ಟು ಅಗಲ ಮಾಡಿದ ಕಾರ್ಯಕರ್ತರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಊರಿಗೊಂದು ಕಾಲುಸಂಕ ಹಾಕಿಸಿ ಅದರ ಮೇಲೆ ಆಳೆತ್ತರದ ಬೋರ್ಡು ನಿಲ್ಲಿಸುವ ಸೀಮೆಯಿಂದ ಹೋದ ನನಗೆ ಇದು ಸಣ್ಣ ವಿಷಯ ಅನ್ನಿಸಲಿಲ್ಲ.

ಏಳನೆಯದೇ ಎಲ್ಲರೂ ಹೊಗಳುವ ದಾರಿ. ನಾವೂ ಅಲ್ಲಿಂದಲೇ ಶುರು ಮಾಡಿದೆವು. ಕಡಲಿನಲ್ಲಿ ಒಂಟಿಯಾಗಿ ಎದ್ದು ನಿಂತ ವೆದೊಲ್ಗೆ ಬಂಡೆ, ಪೈನ್ ಮರ, ಮರದ ಮೆಟ್ಟಿಲು, ಮೆಟ್ಟಿಲಿಗೊಬ್ಬರಂತೆ ಫೋಟೋ ತೆಗೆಸಿಕೊಳ್ಳುವವರು. ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ನೆನಪಿರುವುದು ಆ ದಾರಿಯಲ್ಲಿ ಮುಂದೆ ಸಿಗುವ ಗಾಂಗ್‌ಜೊಂಗ್ ಹಳ್ಳಿ. ಅಲ್ಲಿ ನೌಕಾನೆಲೆ ಬೇಡವೆಂದು ಊರವರು ವರ್ಷಗಟ್ಟಲೆ ಕೂತರು. ದಂಡೆಯುದ್ದಕ್ಕೂ ಹಾಸಿದ್ದ ಗುರೊಂಬಿ ಎಂಬ ಬಂಡೆಯನ್ನು 2012ರಲ್ಲಿ ಸಿಡಿಸಲಾಯಿತು, 2016ರಲ್ಲಿ ನೆಲೆ ತೆರೆಯಿತು. ಧಾರವಾಡದ ಅರ್ಥದ ‘ಒಲ್ಲೆ’ಯನ್ನು ಅಷ್ಟು ಜನ ಅಷ್ಟು ಕಾಲ ಹೇಳಿದ್ದು ಅಲ್ಲಿ. ದಾರಿ ಈಗಲೂ ಆ ಗೋಡೆಯ ಮಗ್ಗುಲಲ್ಲೇ ಹಾಯುತ್ತದೆ.

ಮಾರನೆಯ ದಿನ ಬಸ್ಸಿನಲ್ಲಿ ಪೂರ್ವದ ತುದಿಗೆ ಹೋದೆವು. ಅಲ್ಲಿಂದ ಒಂದು, ಇಪ್ಪತ್ತೊಂದು, ಇಪ್ಪತ್ತು, ಹತ್ತೊಂಬತ್ತು ಹೀಗೆ ಉಲ್ಟಾ ಎಣಿಸುತ್ತ ಜೆಜು ನಗರದ ಕಡೆ ನಡೆಯುವುದೆಂದು ಕೂಸಿನ ಲೆಕ್ಕ. ವಿಮಾನ ಹತ್ತುವ ಜಾಗ ಆ ಕಡೆ ಇದೆ, ಅಷ್ಟೇ ಕಾರಣ. ಉಲ್ಟಾ ನಡೆಯುವವರಿಗೂ ಏರ್ಪಾಡು ಉಂಟು: ನೀಲಿ ಬಾಣ ನೆಟ್ಟಗೆ ಹೋಗುವವರಿಗೆ, ಕಿತ್ತಳೆ ಬಣ್ಣದ್ದು ಮರುದಿಕ್ಕಿನವರಿಗೆ. ಇವಲ್ಲದೆ ಮರದ ಕೊಂಬೆ, ವಿದ್ಯುತ್ ಕಂಬ, ಬೇಲಿಗೂಟಗಳಿಗೆ ಇವೇ ಎರಡು ಬಣ್ಣದ ರಿಬ್ಬನ್ ಜೋಡಿ ಕಟ್ಟಿರುತ್ತಾರೆ. ನೀಲಿ ಕಡಲಿಗೆ, ಕಿತ್ತಳೆ ಅಲ್ಲಿಯ ಹಣ್ಣಿಗೆ. ಅಲ್ಲಲ್ಲಿ ನೀಲಿ ಬಣ್ಣದ ಪುಟ್ಟ ಕುದುರೆಯೊಂದು ನಿಂತಿರುತ್ತದೆ, ಹೆಸರು ಗಾನ್‌ಸೆ. ಜೆಜು ಮಾತಿನಲ್ಲಿ ಗಾನ್‌ಸೆದಾರಿ ಅಂದರೆ ಮೈಗಳ್ಳ. ಅದರ ತಲೆ ಯಾವ ಕಡೆಗೋ ದಾರಿ ಆ ಕಡೆಗೆ. ನಾವು ಬಾಲದ ಕಡೆ ನಡೆದೆವು.

ರಿಬ್ಬನ್ನಿನ ವಿಷಯದಲ್ಲಿ ಕೂಸು ಮೊದಲ ದಿನವೇ ತಾಕೀತು ಮಾಡಿತ್ತು. “ಸುಮಾರು ಹೊತ್ತು ರಿಬ್ಬನ್ ಕಾಣದಿದ್ರೆ ಮುಂದೆ ಹೋಗಬಾರದು ದೊಡ್ಡಮ್ಮ. ಕೊನೇ ಸಲ ಎಲ್ಲಿ ನೋಡಿದ್ಯೋ ಅಲ್ಲಿಗೇ ವಾಪಸ್ ಹೋಗಬೇಕು.”

ಜೆಜು ಇಡೀ ಜ್ವಾಲಾಮುಖಿ ಕಕ್ಕಿದ ಕಲ್ಲು. ನಡುವೆ 1,947 ಮೀಟರಿನ ಹಲ್ಲಾಸಾನ್ ಶಿಖರ, ಸುತ್ತ ಒರೂಮ್ ಎನ್ನುವ ನೂರಾರು ಸಣ್ಣ ಗುಡ್ಡ. ಕಲ್ಲಿನ ತುಂಬ ತೂತು, ಮಳೆ ಎಷ್ಟು ಬಂದರೂ ನಿಲ್ಲದೆ ಇಂಗಿ ಹೋಗುತ್ತದೆ. ಹಳ್ಳಗಳು ವರ್ಷದ ಬಹುಪಾಲು ಒಣಗಿ ಬಿದ್ದಿರುತ್ತವೆ. ಇಂಗಿದ ನೀರು ನೆಲದಡಿಯಲ್ಲೇ ಹರಿದು ಕಡಲಂಚಿನಲ್ಲಿ ಒರತೆಯಾಗಿ ಏಳುತ್ತದೆ. ಆದ್ದರಿಂದ ಊರುಗಳು ದಂಡೆಗೇ ಅಂಟಿಕೊಂಡವು. ಹೆಂಗಸರು ಹೊಬೊಕ್ ಎಂಬ ಮಣ್ಣಿನ ಕೊಡವನ್ನು ಬಿದಿರ ಬುಟ್ಟಿಯಲ್ಲಿಟ್ಟು ಬೆನ್ನಿಗೆ ಕಟ್ಟಿಕೊಂಡು ಒರತೆಯಿಂದ ನೀರು ಹೊರುತ್ತಿದ್ದರು. ಸೊಂಟಕ್ಕಲ್ಲ, ತಲೆಗಲ್ಲ, ಬೆನ್ನಿಗೆ. ಆ ಗಾಳಿಯಲ್ಲಿ ತಲೆಯ ಮೇಲಿನ ಕೊಡ ನಿಲ್ಲುವುದು ಸುಳ್ಳು. ಮನೆಯ ಬಾಗಿಲ ಬಳಿ ಬೆನ್ನು ಬಗ್ಗಿಸದೆ ಕೊಡ ಇಳಿಸಲಿಕ್ಕೆಂದೇ ಒಂದು ಕಲ್ಲಿನ ಹಲಗೆ. ಹಳೇ ಮನೆಯೊಂದರ ಮುಂದೆ ಅದನ್ನು ನೋಡಿ, ನಾನು ಸುಮ್ಮನೆ ತಿರುಗಿ ನಿಂತು ಬೆನ್ನಿನ ಚೀಲವನ್ನು ಇಳಿಸಿ ನೋಡಿದೆ. ಅಳತೆ ಸರಿಯಾಗಿತ್ತು.

ಹೊಲಗಳ ಸುತ್ತ ಕರಿಕಲ್ಲಿನ ಗೋಡೆ. ಬಾತ್‌ದಾಮ್ ಎನ್ನುತ್ತಾರೆ. ಗಾರೆಯಿಲ್ಲ, ಮಣ್ಣಿಲ್ಲ, ಕಲ್ಲಿನ ಮೇಲೆ ಕಲ್ಲು. ಸಂದುಗಳಲ್ಲಿ ಆಚೆಯ ಬೆಳ್ಳುಳ್ಳಿ ಗಿಡ ಕಾಣುತ್ತದೆ. ನಮ್ಮಲ್ಲಾದರೆ ಪಾಗಾರ ಕಟ್ಟಿದವನನ್ನು ಕರೆಸಿ ಬೈಯುತ್ತಿದ್ದರು. ಇಲ್ಲಿ ಸಂದು ಬಿಟ್ಟದ್ದೇ ಕಸುಬು. ಗಾಳಿ ಸೋಸಿ ಹೋಗುತ್ತದೆ, ಗೋಡೆ ಬೀಳುವುದಿಲ್ಲ. ಎಲ್ಲ ಸೇರಿಸಿದರೆ ಇಪ್ಪತ್ತೆರಡು ಸಾವಿರ ಕಿಲೋಮೀಟರ್ ಆದೀತೆಂದು ಅಂದಾಜು. ಹೊಲದ ನಡುವೆಯೇ ಗೋರಿಗಳೂ ಇವೆ, ಅವಕ್ಕೂ ಸುತ್ತ ದಪ್ಪನೆಯ ಕಲ್ಲುಗೋಡೆ. ದನ ಕುದುರೆ ತುಳಿಯದಿರಲಿ, ಹುಲ್ಲಿಗಿಟ್ಟ ಬೆಂಕಿ ಹತ್ತದಿರಲಿ ಅಂತ. ಆ ಗೋಡೆಯಲ್ಲೂ ಒಂದು ಕಡೆ ಮೊಳದಗಲದ ಕಿಂಡಿ ಬಿಟ್ಟಿರುತ್ತಾರೆ. ಸತ್ತವರು ಬಂದು ಹೋಗಲಿಕ್ಕೆ.

ಮೂರನೆಯ ರಾತ್ರಿ ಉಳಿದ ಮನೆಯ ಮುಂದೆ ಕಂಡದ್ದು ನನ್ನನ್ನು ಸೀದಾ ಅಜ್ಜಿಮನೆಗೆ ಒಯ್ದಿತು. ಎರಡು ಕಲ್ಲುಕಂಬ, ಒಂದೊಂದರಲ್ಲೂ ಮೂರು ತೂತು, ತೂತಿನಿಂದ ತೂತಿಗೆ ಅಡ್ಡ ಹಾಕುವ ಮೂರು ಗಳ. “ಅಯ್ಯೋ, ದಣಪೆ!” ಅಂದೆ. ನಮ್ಮ ಕಡೆ ದಣಪೆ, ತೀರ್ಥಹಳ್ಳಿಯ ಕಡೆ ಉಣುಗೋಲು. ಇಲ್ಲಿ ಅದಕ್ಕೆ ಜೊಂಗ್‌ನಾಂಗ್ ಎಂದು ಹೆಸರು. ಅದೇ ಕಂಬ, ಅದೇ ಗಳ, ಅಡ್ಡಾಡಿ ದನ ಒಳಗೆ ನುಗ್ಗದಿರಲಿ ಎಂಬ ಅದೇ ಉದ್ದೇಶ. ಆದರೆ ಜೆಜುವಿನವರು ಅದಕ್ಕೆ ಮಾತು ಕಲಿಸಿದ್ದಾರೆ. ಮೂರೂ ಗಳ ಕೆಳಗಿದ್ದರೆ ಮನೆಯಲ್ಲಿದ್ದೇವೆ ಬನ್ನಿ. ಒಂದು ಹಾಕಿದ್ದರೆ ಇಲ್ಲೇ ಹತ್ತಿರ ಹೋಗಿದ್ದೇವೆ. ಎರಡಿದ್ದರೆ ಬರುವುದು ತಡ. ಮೂರೂ ಹಾಕಿದ್ದರೆ ದೂರ ಹೋಗಿದ್ದೇವೆ, ಕಾಯಬೇಡಿ. ಭಿಕ್ಷುಕರಿಲ್ಲ, ಕಳ್ಳರಿಲ್ಲ, ಬಾಗಿಲಿಲ್ಲ ಎಂದು ತಮ್ಮ ದ್ವೀಪವನ್ನು ಅವರು ಹೊಗಳಿಕೊಳ್ಳುವುದು ಇದನ್ನೇ ಇಟ್ಟುಕೊಂಡು. ನಿಜ ಹೇಳಬೇಕೆಂದರೆ ಈಗ ಅದು ಬಹುಪಾಲು ಅಲಂಕಾರಕ್ಕೆ. ನಾವು ಉಳಿದ ಮನೆಗೂ ಬಾಗಿಲಿಗೆ ನಂಬರಿನ ಬೀಗ ಇತ್ತು. ನಾವು ಭಾರತದವರು ಅಂದಾಗ ಮನೆಯ ಯಜಮಾನ ನಕ್ಕ. ಕೊರಿಯನ್ನಿನಲ್ಲಿ ಭಾರತಕ್ಕೆ ಇಂದೊ, ರಸ್ತೆ ಬದಿಯ ಕಾಲುದಾರಿಗೂ ಇಂದೊ. ಇಂದೊದಿಂದ ಬಂದವರು ಇಂದೊದಲ್ಲೇ ನಡೆಯುತ್ತಿದ್ದೀರಿ ಅಂದನಂತೆ.

ಊಟದ ಪಾಡು ಹೇಳಿ ಮುಗಿಸಿಬಿಡುತ್ತೇನೆ. ಮೀನು ಮಾಂಸ ಮುಟ್ಟದವರಿಗೆ ಕಡಲ ದ್ವೀಪ ಸುಲಭವಲ್ಲ. ಸಾರಿಗೂ ಒಣಮೀನಿನ ಕಟ್ಟೇ. ಬಿಂಗ್‌ತೊಕ್ ನನ್ನನ್ನು ಕಾಪಾಡಿತು. ಬಕ್‌ವೀಟ್ ಹಿಟ್ಟಿನ ತೆಳು ದೋಸೆಯೊಳಗೆ ಬೇಯಿಸಿದ ಮೂಲಂಗಿ ಸುತ್ತಿದ್ದು. ಉಪ್ಪು ಖಾರ ಎರಡೂ ನಾಚಿಕೊಂಡಿರುತ್ತವೆ. ಮನೆಯಿಂದ ಒಯ್ದ ಚಟ್ನಿಪುಡಿ ಜೊತೆಗಿತ್ತು ಅನ್ನಿ.

ಇಪ್ಪತ್ತೊಂದನೆಯ ದಾರಿ, ಹಾದೊ ಎಂಬ ಹಳ್ಳಿಯ ದಂಡೆ. ಮೊದಲು ಕೇಳಿದ್ದು ಸಿಳ್ಳೆ. ಹಕ್ಕಿ ಅಂದುಕೊಂಡೆ. ಆಮೇಲೆ ಅಲೆಗಳ ನಡುವೆ ಕಿತ್ತಳೆ ಬಣ್ಣದ ತೇಲುಬುಂಡೆಗಳು ಕಂಡವು. ಒಂದೊಂದರ ಪಕ್ಕ ಒಂದು ಕರಿಯ ತಲೆ, ಸ್ವಲ್ಪ ಹೊತ್ತಿಗೆ ಎರಡು ಕಾಲು ಮೇಲೆ, ಆಮೇಲೆ ಬುಂಡೆ ಮಾತ್ರ. ಹೆನ್ಯೊಗಳು, ಎಂದರೆ ಕಡಲ ಹೆಂಗಸರು. ಆಮ್ಲಜನಕದ ಸಿಲಿಂಡರು ಇಲ್ಲದೆ ಉಸಿರು ಬಿಗಿಹಿಡಿದು ಮುಳುಗಿ, ತಳದ ಬಂಡೆಯಿಂದ ಚಿಪ್ಪು, ಕಡಲಪಾಚಿ ಕಿತ್ತು ತರುವವರು. ಮೇಲೆ ಬಂದವರೇ ತಡೆದ ಉಸಿರನ್ನು ಬಿಡುವ ಸದ್ದೇ ಆ ಸಿಳ್ಳೆ, ಸುಂಬಿಸೊರಿ. ಸಣ್ಣವಳಿದ್ದಾಗ ಕುಮಟೆಯ ಹತ್ತಿರ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದ ನೀರಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರನ್ನು ನೋಡಿದ್ದೆ. ಅವರು ಮಾತಾಡುತ್ತ ಹೆಕ್ಕುತ್ತಿದ್ದರು. ಇಲ್ಲಿ ಮಾತಿಲ್ಲ, ಸಿಳ್ಳೆ ಮಾತ್ರ. ಒಬ್ಬರದು ಎಳೆದು ಬಿಟ್ಟಂತೆ, ಒಬ್ಬರದು ಮೊಟಕು. ಕಿವಿಗೊಟ್ಟರೆ ಯಾರು ಮೇಲೆ ಬಂದರು, ಯಾರು ಇನ್ನೂ ಬಂದಿಲ್ಲ ಎಂದು ಅವರಿಗೆ ಗೊತ್ತಾಗುತ್ತಿರಬೇಕು. ನೀರೊಳಗೆ ಆಸೆಗೆ ಬಿದ್ದು, ಇನ್ನೊಂದು ಚಿಪ್ಪು ಕಿತ್ತುಬಿಡೋಣ ಎಂದು ತಡಮಾಡಿದವಳು ಎಳೆದುಕೊಳ್ಳುವ ಉಸಿರಿಗೆ ಅವರಲ್ಲಿ ಬೇರೆಯೇ ಹೆಸರಿದೆ, ಮುಲ್‌ಸುಮ್. ಅದು ಕೊನೆಯ ಉಸಿರು.

2016ರಲ್ಲಿ ಯುನೆಸ್ಕೊ ಇವರ ಕಸುಬನ್ನು ಪಾರಂಪರಿಕ ಪಟ್ಟಿಗೆ ಸೇರಿಸಿತು. ಈಗ ಕಡಲಿಗಿಳಿಯುವವರು ಮೂರು ಸಾವಿರವೂ ಇಲ್ಲ, ಬಹುಪಾಲು ಅರವತ್ತು ದಾಟಿದವರು. 1932ರಲ್ಲಿ, ಜಪಾನಿನ ಆಳ್ವಿಕೆಯ ಕಾಲದಲ್ಲಿ, ಕಡಲಿಂದ ಕಿತ್ತು ತಂದದ್ದಕ್ಕೆ ಸರಿಯಾದ ಬೆಲೆ ಕೊಡದೆ ಸುಲಿಯುತ್ತಿದ್ದ ಸಂಘದ ವಿರುದ್ಧ ಇದೇ ಸೀಮೆಯ ಹೆನ್ಯೊಗಳು ಕೈಯಲ್ಲಿ ತಮ್ಮ ಕುರ್ಚಿಗೆ, ಕುಡುಗೋಲುಗಳನ್ನೇ ಹಿಡಿದು ಸೆಹ್ವಾ ಸಂತೆಗೆ ನುಗ್ಗಿದ್ದರು. ದಂಡೆಗೆ ಬಂದ ಒಬ್ಬಾಕೆ, ಎಪ್ಪತ್ತಾಗಿರಬಹುದು, ರಬ್ಬರ್ ಅಂಗಿಯ ಟೊಪ್ಪಿ ಕಳಚಿದರು. ಕೆನ್ನೆಯ ಮೇಲೆ ಕನ್ನಡಕದ ಗುಂಡು ಅಚ್ಚು. ಬಲೆಚೀಲವನ್ನು ಬಂಡೆಗೆ ಒರಗಿಸಿ ನಿಂತ ಮೇಲೂ ನೀರು ತೊಟ್ಟಿಕ್ಕುತ್ತಿತ್ತು. ಫೋಟೋ ತೆಗೆಯಲೇ ಎಂದು ನಾನು ಮೊಬೈಲು ತೋರಿಸಿದೆ. ಆಕೆ ತಲೆಯೆತ್ತದೆ ಕೈಯಾಡಿಸಿದರು. ಕೂಸನ್ನು ಏನಂದರು ಎಂದು ಕೇಳಿದರೆ, “ನಂಗೂ ತಿಳೀಲಿಲ್ಲ ದೊಡ್ಡಮ್ಮ. ಇದು ಜೆಜು ಮಾತು, ಸೋಲ್‌ನವರಿಗೇ ಅರ್ಥ ಆಗೋದಿಲ್ಲ.” ಧಾರವಾಡಕ್ಕೆ ಬಂದ ಹೊಸತರಲ್ಲಿ ನಮ್ಮ ಮನೆಮಾತಿಗೆ ಅಕ್ಕಪಕ್ಕದವರು ಇದೇ ಮುಖ ಮಾಡುತ್ತಿದ್ದರು. ಕೈಯಾಡಿಸಿದ್ದು ಮಾತ್ರ ನನಗೆ ಸ್ಪಷ್ಟವಾಗಿ ತಿಳಿದಿತ್ತು.

ಹತ್ತೊಂಬತ್ತನೆಯ ದಾರಿ 19.4 ಕಿಲೋಮೀಟರು. ಗಿಮ್‌ನ್ಯೊಂಗ್‌ನಿಂದ ಹೊರಟು, ದೊಂಗ್‌ಬೊಕ್ ಹಳ್ಳಿಯ ಕಾಡು ಕಳೆದು, ಮಧ್ಯಾಹ್ನದ ಹೊತ್ತಿಗೆ ಬುಕ್‌ಚೊನ್ ಎಂಬ ಸಣ್ಣ ಬಂದರಿಗೆ ಇಳಿದೆವು. ಏಪ್ರಿಲ್ ಎರಡನೆಯ ವಾರ. ದಾರಿಯಲ್ಲಿ ಕಂಡ ಹಲವರ ಅಂಗಿಯ ಮೇಲೆ ಕೆಂಪು ಕಮೇಲಿಯ ಹೂವಿನ ಬಿಲ್ಲೆಯಿತ್ತು. ಕಮೇಲಿಯ ಎಸಳೆಸಳಾಗಿ ಉದುರುವುದಿಲ್ಲ, ಇಡೀ ಹೂವೇ ಒಮ್ಮೆಲೇ ಕಳಚಿ ಬೀಳುತ್ತದೆ. ಅದು ಇಲ್ಲಿ ‘ನಾಲ್ಕು-ಮೂರು’ರ ಗುರುತು. 1948ರ ಏಪ್ರಿಲ್ 3ರಂದು ದ್ವೀಪದಲ್ಲಿ ಎಡಪಂಥೀಯರು ಬಂಡೆದ್ದರು. ಅದನ್ನು ಅಡಗಿಸುವ ನೆಪದಲ್ಲಿ ಪೊಲೀಸು, ಸೈನ್ಯ, ಬಲಪಂಥೀಯ ಪಡೆಗಳು ಊರಿಗೆ ಊರನ್ನೇ ಸುಟ್ಟವು. ಇಪ್ಪತ್ತೈದರಿಂದ ಮೂವತ್ತು ಸಾವಿರ ಜನ, ಎಂದರೆ ದ್ವೀಪದ ಹತ್ತರಲ್ಲಿ ಒಬ್ಬರು ಸತ್ತರೆಂದು ಅಂದಾಜು.

ಬುಕ್‌ಚೊನ್‌ನ ಸರದಿ ಬಂದದ್ದು 1949ರ ಜನವರಿ 17ಕ್ಕೆ. ಊರ ಹೊರಗೆ ಬಂಡುಕೋರರ ಹೊಂಚಿಗೆ ಇಬ್ಬರು ಸೈನಿಕರು ಸತ್ತರು. ಸೈನ್ಯ ಬಂತು. ಮನೆಮನೆಯಿಂದ ಎಲ್ಲರನ್ನೂ ಹೊರಡಿಸಿ ಶಾಲೆಯ ಅಂಗಳಕ್ಕೆ ನಡೆಸಿತು, ಹಿಂದೆ ಮನೆಗಳಿಗೆ ಬೆಂಕಿ ಹಚ್ಚಿತು. ಆಮೇಲೆ ಗುಂಪು ಗುಂಪಾಗಿ ಸುತ್ತಲಿನ ಹೊಲಗಳಿಗೆ ಒಯ್ದು ಗುಂಡಿಕ್ಕಿತು. ಸುಮಾರು ಮುನ್ನೂರು ಜನ. ಅವರು ಹೊರಬಂದದ್ದೂ ಒಲ್ಲೆಯಿಂದಲೇ ತಾನೇ? ಬೇರೆ ದಾರಿ ಆ ಮನೆಗಳಿಗೆ ಇರಲಿಲ್ಲ. ಆ ಬೆಳಿಗ್ಗೆ ಯಾರಾದರೂ ದಣಪೆಯ ಗಳ ಹಾಕಿ ಹೊರಟರೇ, ಹಾಕಿದ್ದರೆ ಎಷ್ಟು ಹಾಕಿದರು ಎಂಬ ಹುಚ್ಚು ಪ್ರಶ್ನೆಯೊಂದು ತಲೆಯಲ್ಲಿ ಸುತ್ತತೊಡಗಿತು.

ಅಲ್ಲಿಂದ ಮುಂದಿನ ಮೂವತ್ತು ವರ್ಷ ಆ ಊರಿನವರು ಬಾಯಿಬಿಡುವಂತಿರಲಿಲ್ಲ. 1954ರಲ್ಲಿ ಒಮ್ಮೆ ಶಾಲೆಯ ಅಂಗಳದಲ್ಲಿ ಸೇರಿದ್ದವರು ಸತ್ತವರನ್ನು ನೆನೆದು ಗೋಳೆಂದು ಅತ್ತದ್ದಕ್ಕೇ ವಿಚಾರಣೆಯಾಯಿತು. ವರ್ಷಕ್ಕೊಮ್ಮೆ ಒಂದೇ ರಾತ್ರಿ ಊರಿನ ಮನೆಮನೆಯಲ್ಲೂ ತಿಥಿ, ಆದರೆ ಹೇಗೆ ಸತ್ತರೆಂದು ಹೇಳುವಂತಿಲ್ಲ. 1978ರಲ್ಲಿ ಹ್ಯೊನ್ ಗಿಯೊಂಗ್ ಎಂಬ ಜೆಜುವಿನ ಕತೆಗಾರ ಆ ತಿಥಿಯ ರಾತ್ರಿಯನ್ನೇ ಇಟ್ಟುಕೊಂಡು ‘ಸುನಿ ಸಾಮ್‌ಚೊನ್’ ಎಂಬ ಕತೆ ಬರೆದರು. ಅವರನ್ನು ಹಿಡಿದೊಯ್ದು ಹಿಂಸಿಸಿದರು, ಪುಸ್ತಕ ನಿಷೇಧಿಸಿದರು. ಕತೆಯಲ್ಲಿ ಹೆಣಗಳಡಿಯಿಂದ ಬದುಕಿ ಬಂದ ಹೆಂಗಸು ತನ್ನ ಮಕ್ಕಳು ಸತ್ತ ಅದೇ ಹೊಲವನ್ನು ಮಾಡುತ್ತ ಮೂವತ್ತು ವರ್ಷ ಬದುಕುತ್ತಾಳೆ; ಕಳೆ ಕೀಳುವಾಗ ಮೂಳೆಯ ಚೂರು, ಗುಂಡು ಮೇಲೆ ಬರುತ್ತವೆ. ಕೊನೆಗೆ ಅದೇ ಹೊಲದಲ್ಲಿ ಸಾಯುತ್ತಾಳೆ. ಸರ್ಕಾರ ವಿಶೇಷ ಕಾನೂನು ತಂದದ್ದು 2000ದಲ್ಲಿ, ಅಧ್ಯಕ್ಷ ರೊ ಮೂಹ್ಯುನ್ ದ್ವೀಪಕ್ಕೇ ಬಂದು ಕ್ಷಮೆ ಕೇಳಿದ್ದು 2003ರಲ್ಲಿ.

ಸಾಮ್‌ಚೊನ್ ಅಂದರೆ ಕೊರಿಯನ್ನಿನಲ್ಲಿ ಚಿಕ್ಕಪ್ಪ. ಹೆಂಗಸಿಗೆ ಯಾಕೆ ಆ ಹೆಸರು ಅಂದರೆ, ಜೆಜುವಿನಲ್ಲಿ ಊರಿನ ಹಿರಿಯರು ಗಂಡಾದರೂ ಹೆಣ್ಣಾದರೂ ಸಾಮ್‌ಚೊನ್ನೇ. ನಮ್ಮಲ್ಲೂ ದಾರಿಯಲ್ಲಿ ಕಂಡವರೆಲ್ಲ ಮಾವ, ಅತ್ತೆ, ಅಜ್ಜ. ಆದರೆ ಹೆಂಗಸನ್ನು ಚಿಕ್ಕಪ್ಪ ಅನ್ನುವಷ್ಟು ಧಾರಾಳ ನಮಗೆ ಬರಲಿಲ್ಲ.

ರಿಬ್ಬನ್ನುಗಳು ನಮ್ಮನ್ನು ಕರೆದೊಯ್ದದ್ದು ಸೀದಾ ನೊಬುನ್‌ಸುಂಗಿಗೆ, ಆ ಹೊಲಗಳಲ್ಲೊಂದಕ್ಕೆ. ಅಲ್ಲೊಂದು ಚಿಕ್ಕ ಸ್ಮಾರಕಭವನ. ಪಕ್ಕದ ತಗ್ಗಿನಲ್ಲಿ ಕತೆಯ ಸಾಲುಗಳನ್ನು ಕೆತ್ತಿದ ಕಲ್ಲುಗಳನ್ನು ನಿಲ್ಲಿಸಿಲ್ಲ, ಅಡ್ಡಾದಿಡ್ಡಿ ಮಲಗಿಸಿದ್ದಾರೆ. ಓದಬೇಕೆಂದರೆ ಬಗ್ಗಬೇಕು. ಆಚೆ ಹುಲ್ಲಿನಲ್ಲಿ ಕರಿಕಲ್ಲನ್ನು ಸುಮ್ಮನೆ ಸುತ್ತ ಜೋಡಿಸಿದ ಗುಡ್ಡೆಗಳು, ಹೆಚ್ಚೆಂದರೆ ತೊಟ್ಟಿಲಿನಷ್ಟು. ಮಕ್ಕಳ ಗೋರಿ. ಒಂದರ ಮೇಲೆ ಯಾರೋ ಆಟದ ಕಾರು ಇಟ್ಟಿದ್ದರು. ಇನ್ನೊಂದರ ಮೇಲೆ ಉಣ್ಣೆಯ ಒಂದು ಜೊತೆ ಕಾಲುಚೀಲ. ಗಾಳಿಗೆ ಹಾರದಿರಲೆಂದು ಅದರ ಮೇಲೊಂದು ಕಲ್ಲು. ಕಲ್ಲು ಹಳೆಯದಲ್ಲ, ಕಾಲುಚೀಲವೂ ಹಳೆಯದಲ್ಲ. ಕೂಸು ಮಾತಾಡಲಿಲ್ಲ. ದಾರಿಯಲ್ಲಿ ಅಲ್ಲಲ್ಲಿ ಒತ್ತಿಕೊಳ್ಳುವ ಪ್ರತಿ ಠಸ್ಸೆಗೂ ಏಳನೆಯ ದಾರಿಯಿಂದಲೂ ಕುಣಿಯುತ್ತಿದ್ದ ಹುಡುಗಿ, ಅದಕ್ಕೆಂದೇ ಇರುವ ಪಾಸ್‌ಪೋರ್ಟಿನಂಥ ಪುಸ್ತಕವನ್ನು ಅಲ್ಲಿ ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಅಲ್ಲಿಂದ ಹೊರಟವರು ಸುಮ್ಮನೆ ನಡೆದೆವು. ಮುಂದೆ ಸೊಉಬೊಂಗ್ ಎಂಬ ಗುಡ್ಡ, ಅದರಾಚೆ ಹಾಮ್‌ದೊಕ್‌ನ ಮರಳದಂಡೆ. ಗುಡ್ಡದ ಮೇಲೆ ಸಾಸಿವೆಯಂಥ ಹಳದಿ ಹೂವು ಕಾಣುತ್ತಿತ್ತು, ಅದನ್ನೇ ನೋಡಿಕೊಂಡು ಹೋದೆವು. ಕಾಲು ಗಂಟೆಯಾದ ಮೇಲೆ ಕೂಸು ನಿಂತಿತು.

“ದೊಡ್ಡಮ್ಮ, ರಿಬ್ಬನ್ ನೋಡಿದ್ಯಾ?”

“ಇಲ್ಲ. ನೀನು?”

“ಇಲ್ಲ.”

ಸುತ್ತ ಬೆಳ್ಳುಳ್ಳಿ ಹೊಲ, ಎದೆಮಟ್ಟದ ಗೋಡೆ. ಗುಡ್ಡ ಕಣ್ಣೆದುರೇ ಇದೆ, ಗೋಡೆ ದಾಟಿದರೆ ಆಯಿತು ಎಂದು ನನ್ನ ವಾದ. ಕೂಸು ಕೇಳಲಿಲ್ಲ. ಹಿಂದೆ ತಿರುಗಿದೆವು. ನೋಡುತ್ತ ನೋಡುತ್ತ ಹೋದರೆ ಕೊನೆಯ ರಿಬ್ಬನ್ ಜೋಡಿ ಸಿಕ್ಕಿದ್ದು ಆ ಕಲ್ಲುಗುಡ್ಡೆಗಳು ಮತ್ತೆ ಕಾಣುವಷ್ಟು ಹತ್ತಿರ. ಅಲ್ಲಿ ನಿಂತು ಎತ್ತ ಅನ್ನುವುದು ತೋಚದೆ ಅತ್ತಿತ್ತ ನೋಡುತ್ತಿರುವಾಗ ಗೋಡೆಯ ಸಂದಿನಾಚೆ ಏನೋ ಅಲುಗಿತು. ಹೂಹೂವಿನ ಅಗಲ ಟೊಪ್ಪಿಯ ಮುದುಕಿಯೊಬ್ಬರು ಕುಕ್ಕುರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು.

“ಸಾಮ್‌ಚೊನ್!” ಎಂದು ಕೂಸು ಕೂಗಿತು. ಅವರು ತಲೆಯೆತ್ತಿ, ನಮ್ಮಿಬ್ಬರನ್ನೂ ಅಡಿಯಿಂದ ಮುಡಿತನಕ ನೋಡಿ, ಮೊಣಕಾಲಿಗೆ ಕೈಯೂರಿ ಎದ್ದು ಗೋಡೆಯ ಹತ್ತಿರ ಬಂದರು. ಉದ್ದಕ್ಕೆ ಏನೋ ಹೇಳಿದರು. ಕೂಸಿನ ಮುಖ ನೋಡಿದೆ, ಅದಕ್ಕೂ ಹತ್ತಿದಂತಿರಲಿಲ್ಲ. ಮುದುಕಿ ಕೋಟಿನ ಜೇಬಿಗೆ ಕೈ ಹಾಕಿ ಒಂದು ಕಿತ್ತಳೆ ತೆಗೆದು, ಮಣ್ಣುಗೈಯಿಂದಲೇ ಒರೆಸಿ, ಗೋಡೆಯ ಮೇಲಿಂದ ನನಗೆ ಚಾಚಿದರು. ಅವರ ಪಾಲಿನದಿರಬೇಕು. ನನ್ನ ಬಾಯಿಂದ ರೂಢಿಯಂತೆ ಬಂದುಬಿಟ್ಟಿತು:

“ಒಲ್ಲೆ, ಒಲ್ಲೆ.”

“ಒಲ್ಲೆ?” ಅವರ ಮುಖ ಅರಳಿತು. “ಒಲ್ಲೆ, ಒಲ್ಲೆ!” ಎಂದು ತಲೆಯಾಡಿಸುತ್ತ, ಕುರ್ಚಿಗೆ ಹಿಡಿದ ಕೈಯನ್ನು ಎತ್ತಿ, ನಾವು ಎರಡು ಸಲ ದಾಟಿ ಹೋಗಿದ್ದ ಒಂದು ಕಿರಿದಾದ ಸಂದನ್ನು ತೋರಿಸಿದರು. ಇನ್ನೊಂದು ಕೈಯಿಂದ ಹಣ್ಣನ್ನು ನನ್ನ ಅಂಗೈಗೆ ಒತ್ತಿ, ತಿರುಗಿ ಸಾಲಿಗೆ ಹೋಗಿ ಕೂತರು.